ಅಟ್ಟ ಸೇರಿದ ಕ್ರಿಯಾಪದಗಳು

ಈ ಮೂಲಕ ನಿವೇದಿಸಿಕೊಳ್ಳುವುದೇನೆಂದರೆ, ನಮ್ಮ ಅಕ್ಕ ಗಿರಿಜೆಯು ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪರೀಕ್ಷೆಗಾಗಿ ತನ್ನ ಕೈಯಿಂದಲೇ ಬರೆದು ಹೊಲಿದಿದ್ದ ಒಂದು ಪುಸ್ತಕವು ನಮ್ಮ ಹೊಸದುರ್ಗದ ಮನೆಯಲ್ಲಿ ಕಾಣೆಯಾಯಿತು. ಅದನ್ನು ಕಾಣೆ ಮಾಡಿದವಳು ನಾನು. ಆಗ ನನಗೆ ಎಂಟು ವರ್ಷ. ಈ ಸಂಗತಿಯನ್ನು ಇದುವರೆಗೆ ಯಾರ ಮುಂದೆಯೂ ಹೇಳಿರುವುದಿಲ್ಲ. ಚಿತ್ರದುರ್ಗದ ಒಂದು ಕಚೇರಿಯಲ್ಲಿ ನಿವೃತ್ತಿಯವರೆಗೂ ಪತ್ರಗಳ ಕರಡು ಬರೆದವಳಾದ್ದರಿಂದ ನನಗೆ ಬೇರೆ ಬಗೆಯ ಬರವಣಿಗೆ ತಿಳಿಯದು. ವಿಷಯ, ಉಲ್ಲೇಖ, ಆಮೇಲೆ ವಿವರ ಎಂಬ ಕ್ರಮದಲ್ಲೇ ಕೈ ಓಡುತ್ತದೆ. ಆ ಕ್ರಮವನ್ನು ನಾನು ಮೊದಲು ಕಲಿತದ್ದು ಕಚೇರಿಯಲ್ಲಲ್ಲ, ಅಕ್ಕನ ಅದೇ ಪುಸ್ತಕದ ಹಿಂಬದಿಯಲ್ಲಿ ಎಂಬುದನ್ನೂ ಇಲ್ಲಿ ಒಪ್ಪಿಸಬೇಕಾಗಿದೆ. ತಪ್ಪಿದ್ದಲ್ಲಿ ಓದುವವರು ಮನ್ನಿಸಬೇಕು.

ನಮ್ಮ ಮನೆಯಲ್ಲಿ ಅಡುಗೆಕೋಣೆಯೇ ದೊಡ್ಡದು. ಅದರ ಮೇಲೆ ಇಡೀ ಕೋಣೆಯಗಲ ಬಿದಿರಿನ ದಬ್ಬೆ ಹಾಸಿದ ಅಟ್ಟ. ತೋಟದ ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆಸಮೇತ ಆ ಅಟ್ಟಕ್ಕೆ ಏರಿಸಿ, ಸುಮಾರು ಒಂದು ವರ್ಷ ಹಾಗೆಯೇ ಬಿಡುವುದು ನಮ್ಮ ಕಡೆಯ ಪದ್ಧತಿ. ಕೆಳಗಿನ ಒಲೆಯ ಹೊಗೆ ದಬ್ಬೆಯ ಸಂದಿಯಿಂದ ಮೇಲೇರಿ ಕಾಯಿಗಳ ನಡುವೆ ಸುಳಿಯುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕೈಗೆತ್ತಿಕೊಂಡು ಅಲ್ಲಾಡಿಸಿದಾಗ ಒಳಗೆ ಗಡಗಡ ಎಂದರೆ ಕೊಬ್ಬರಿ ಆಯಿತೆಂದು ಲೆಕ್ಕ. ಕಾಯಿ ಏರಿಸುವ ದಿನ ಕೊನೆಯ ಕಾಯಿಗೆ ಅಜ್ಜಿ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಅದನ್ನು ಅಟ್ಟದ ಬಾಯಿಯಲ್ಲಿಟ್ಟು ಹಲಗೆ ಮುಚ್ಚಿದರೆ ಮುಗಿಯಿತು. ಅಲ್ಲಿಂದ ಮುಂದೆ ಗಡಗಡ ಸದ್ದು ಬರುವ ಕಾಲದವರೆಗೆ ಏಣಿಯನ್ನು ಗೋಡೆಗೆ ಒರಗಿಸುವಂತೆಯೂ ಇರಲಿಲ್ಲ. ಅಲ್ಲಾಡಿಸಿದ ಕಾಯಿ ಕೆಡುತ್ತದೆ ಎಂಬುದು ಅಪ್ಪನ ಕಾರಣ. ಅಜ್ಜಿಯ ಕಾರಣ ಬೇರೆ ಇತ್ತು.

"ಅಟ್ಟ ಅಂದ್ರೆ ಬಸ್ರಿ ಹೆಂಗ್ಸು ಇದ್ದಂಗೆ ಕಣ್ರೇ. ದಿನ ತುಂಬಾವರ್ಗೂ ತಂಟೆಗೆ ಹೋಗ್ಬಾರ್ದು."

ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಜವಾನರಾಗಿದ್ದರು. ತೋಟ ಚಿಕ್ಕದು, ಸಂಬಳ ಅದಕ್ಕಿಂತ ಚಿಕ್ಕದು. ಕಚೇರಿಯಲ್ಲಿ ಬೇಡವೆಂದು ಬಿಸಾಡುವ ಕಾಗದಗಳಲ್ಲಿ ಒಂದು ಮಗ್ಗುಲು ಖಾಲಿಯಿರುವುದನ್ನು ಆರಿಸಿ, ಸಾಹೇಬರನ್ನು ಕೇಳಿಯೇ ಅವರು ಮನೆಗೆ ತರುತ್ತಿದ್ದರು. ಅಕ್ಕ ಅವನ್ನು ಸಮನಾಗಿ ಮಡಚಿ, ದಬ್ಬಳಕ್ಕೆ ಗೋಣಿದಾರ ಪೋಣಿಸಿ ಹೊಲಿದು ಪುಸ್ತಕ ಮಾಡಿದಳು. ಮಾರ್ಚಿನ ಪರೀಕ್ಷೆಯಲ್ಲಿ ಉಳಿದೆಲ್ಲ ವಿಷಯಗಳಲ್ಲಿ ತೇರ್ಗಡೆಯಾಗಿ ಇಂಗ್ಲಿಷೊಂದರಲ್ಲಿ ಅವಳು ಉಳಿದಿದ್ದಳು. ಅಕ್ಟೋಬರಿನಲ್ಲಿ ಮತ್ತೊಂದು ಅವಕಾಶವಿತ್ತು. ಇಂಗ್ಲಿಷ್ ಮೇಷ್ಟರು ತಮ್ಮ ಸ್ವಂತದ ಡಿಕ್ಷನರಿಯನ್ನು ಒಂದು ತಿಂಗಳ ಮಟ್ಟಿಗೆ ಎರವಲು ಕೊಟ್ಟಿದ್ದರು. ಅದರಿಂದ ದಿನಕ್ಕೆ ಐದರಂತೆ ಕ್ರಿಯಾಪದಗಳನ್ನು ಅಕ್ಷರದ ಸಾಲಿನಲ್ಲಿ ಇಳಿಸಿಕೊಂಡಳು. ಪುಟದ ತಲೆಯ ಮೇಲೆ ಪದ, ಅದರ ಕೆಳಗೆ ಬಿಡಿ ಅಕ್ಷರಗಳು, ಅದರ ಕೆಳಗೆ ಮೂರು ರೂಪಗಳು, ಎಲ್ಲಕ್ಕಿಂತ ಕೆಳಗೆ ಕನ್ನಡದ ಅರ್ಥ. ಅರ್ಥದ ವಿಷಯದಲ್ಲಿ ಮಾತ್ರ ಅವಳು ಒಂದು ನಿಯಮ ಮಾಡಿಕೊಂಡಿದ್ದಳು: ಆ ಕೆಲಸವನ್ನು ತನ್ನ ಕೈಯಾರೆ ಒಮ್ಮೆ ಮಾಡುವವರೆಗೂ ಅರ್ಥ ಬರೆಯುವಂತಿಲ್ಲ. 'ಬ್ರೇಕ್' ಎಂಬ ಪದಕ್ಕೆ ಅರ್ಥ ಬರೆಯಲೆಂದು ಒಡೆದ ಮಡಕೆಯ ಬಾಯಿ ನಮ್ಮ ಹಿತ್ತಲಿನಲ್ಲಿ ಬಹಳ ದಿನ ಬಿದ್ದಿತ್ತು. ಅವ್ವ ಅದನ್ನು ಕಂಡಾಗಲೆಲ್ಲ ಬೈಯುತ್ತಿದ್ದಳು.

"ಇಂಗ್ಲೀಷ್ ಕಲೀತೀನಂತ ಮನೆ ಸಾಮಾನೆಲ್ಲ ಒಡೀತೀಯೇನೇ? ಬೆಂಕಿ ಹಚ್ಚೋದು ಅನ್ನೋ ಪದ ಬಂದ್ರೆ ನನ್ಗೆ ಮೊದ್ಲೇ ಹೇಳು, ಆಚೆ ಹೋಗ್ಬಿಡ್ತೀನಿ."

"ಅದು ಬಂದು ಹೋಯ್ತು ಬಿಡವ್ವ. ಬಿ ಅಕ್ಷರದಾಗಿತ್ತು. ಒಲೆ ಹಚ್ಚಿ ಮುಗಿಸ್ದೆ."

ಬಾಯಿಪಾಠಕ್ಕೆ ಅಕ್ಕ ಕಂಡುಕೊಂಡ ದಾರಿಯೂ ಮನೆಯದೇ. ಹಿತ್ತಲಿನಲ್ಲಿ ಕಾಯಿ ಸುಲಿಯುವ ಹಾರೆಯನ್ನು ನೆಲಕ್ಕೆ ಹೂತಿದ್ದರು. ಹೆಣ್ಣುಮಕ್ಕಳು ಕಾಯಿ ಸುಲಿಯುವುದು ನಮ್ಮ ಓಣಿಯಲ್ಲಿ ರೂಢಿ ಇಲ್ಲದಿದ್ದರೂ, ಗಂಡುಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಆ ಕೆಲಸ ಅಕ್ಕನದಾಗಿತ್ತು. ಕೈ ಪಳಗಿದವರಿಗೆ ಒಂದು ಕಾಯಿಗೆ ಮೂರು ಪೆಟ್ಟು ಸಾಕು. ಹಾರೆಗೆ ಕಾಯಿ ಕುಕ್ಕಿ ಮುರಿಯುವಾಗ ಒಂದೊಂದು ಪೆಟ್ಟಿಗೆ ಒಂದೊಂದು ರೂಪ ಹೇಳುತ್ತಿದ್ದಳು. ಮೊದಲ ಪೆಟ್ಟಿಗೆ ಈಗಿನದು, ಎರಡನೆಯದಕ್ಕೆ ಆಗಿಹೋದದ್ದು, ಮೂರನೆಯದಕ್ಕೆ ಸಿಪ್ಪೆ ಪೂರ್ತಿ ಬಿಟ್ಟುಕೊಳ್ಳುತ್ತಿತ್ತು. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು ಅವಳ ಪುಸ್ತಕ ಹಿಡಿದು ಸರಿ ತಪ್ಪು ನೋಡಬೇಕಿತ್ತು. ಇಂಗ್ಲಿಷ್ ಅಕ್ಷರ ನನಗೆ ಇನ್ನೂ ಬರುತ್ತಿರಲಿಲ್ಲ. ಆದ್ದರಿಂದ ಪುಟ ತಿರುಗಿಸಿ ಹಿಂಬದಿಯ ಕನ್ನಡ ಓದುತ್ತಿದ್ದೆ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ', 'ತಮ್ಮ ಅವಗಾಹನೆಗೆ ತರಲಾಗಿದೆ', 'ಸೂಕ್ತ ಕ್ರಮಕ್ಕಾಗಿ'. ಅರ್ಥವಾಗದಿದ್ದರೂ ಆ ಮಾತುಗಳು ಗಂಭೀರವಾಗಿ, ಸಾಲಾಗಿ ನಿಂತಂತೆ ಕಾಣುತ್ತಿದ್ದವು.

ಅಕ್ಕ ತೇರ್ಗಡೆಯಾದರೆ ಸಿರಿಗೆರೆಗೆ ಕಾಲೇಜಿಗೆ ಕಳಿಸುವುದೆಂದು ಅಪ್ಪ ನಿಶ್ಚಯಿಸಿದ್ದರು. ಅಲ್ಲಿಯೇ ಉಳಿದು ಓದಬೇಕು. ಅದಕ್ಕೆಂದು ಮುಂಚಿತವಾಗಿಯೇ ಸಂತೆಯಿಂದ ಒಂದು ತಗಡಿನ ಟ್ರಂಕು ತಂದು, ಅದರ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವಳ ಹೆಸರು ಬರೆಸಿದ್ದರು. ಇನ್ನೊಂದು ಕಡೆ, ಹೊಳಲ್ಕೆರೆಯಲ್ಲಿದ್ದ ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ತನ್ನ ಮಗನಿಗೆ ಗಿರಿಜೆಯನ್ನು ತಂದುಕೊಳ್ಳಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಅತ್ತೆ ಬಂದು ಮುದ್ದೆ ಊಟ ಮಾಡಿ, ಎಲೆಯಡಿಕೆ ಹಾಕಿಕೊಳ್ಳುತ್ತ ಮತ್ತೆ ಆ ಮಾತು ತೆಗೆದಳು. ನಾನು ಟ್ರಂಕಿನ ಮೇಲೆ ಕುಳಿತಿದ್ದೆ.

"ಏನಪ್ಪ, ಹುಡುಗೀನ ಓದ್ಸಿ ಓದ್ಸಿ ಅಮಲ್ದಾರ್ನ ಮಾಡ್ತೀಯೋ ಹೆಂಗೆ?"

"ಹಂಗಲ್ಲಕ್ಕ. ಮಾತು ಒಂದೇ. ಪಾಸಾದ್ರೆ ಸಿರಿಗೆರೆ. ಇಲ್ಲಾಂದ್ರೆ ಹೊಳಲ್ಕೆರೆ."

"ಅವ್ಳು ಫೇಲಾಗ್ಲಿ ಅಂತ ನಾನು ಹರಕೆ ಕಟ್ಕಬೇಕೇನೋ ಹಂಗಾದ್ರೆ?"

ಎಲ್ಲರೂ ನಕ್ಕರು. ಹಾರೆಯ ಬಳಿಯಿದ್ದ ಅಕ್ಕ ನಗಲಿಲ್ಲ. ಈ ಮಾತನ್ನು ನಾನು ಸಂಪೂರ್ಣವಾಗಿ ಕೇಳಿಸಿಕೊಂಡೆನೆಂದು ದೃಢೀಕರಿಸುತ್ತೇನೆ. ಆದರೆ ಕೇಳಿಸಿಕೊಂಡ ಎಂಟು ವರ್ಷದವಳಿಗೆ ಸಿರಿಗೆರೆ ಎಂದರೆ ಓಣಿಯ ಹುಡುಗರು ಟ್ರಂಕು ಹೊತ್ತು ಹೋಗಿ ತಿಂಗಳುಗಟ್ಟಲೆ ಬಾರದೆ ಇರುವ ಊರು. ಹೊಳಲ್ಕೆರೆ ಎಂದರೆ ಅತ್ತೆಯ ಊರು: ಬೆಳಗಿನ ಬಸ್ಸಿಗೆ ಹೋಗಿ, ಹೋಳಿಗೆ ತಿಂದು, ಸಂಜೆಯ ಬಸ್ಸಿಗೆ ಹಿಂದಿರುಗುವ ಊರು. ಹೊಳಲ್ಕೆರೆಗೆ ಹೋದ ಯಾರೂ ಸಂಜೆಗೆ ಮನೆ ಸೇರದೆ ಇದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮದುವೆಯೆಂಬ ಪದವನ್ನು ಆ ಮಧ್ಯಾಹ್ನ ಯಾರೂ ಉಚ್ಚರಿಸಲೂ ಇಲ್ಲ. ಎರಡರಲ್ಲಿ ಯಾವುದು ಆಗಬೇಕೆಂದು ನಾನು ಟ್ರಂಕಿನ ಮೇಲೆ ಕುಳಿತಲ್ಲೇ ತೀರ್ಮಾನಿಸಿದೆ.

ಆಷಾಢದಲ್ಲಿ ಕಾಯಿ ಏರಿಸುವ ದಿನ ಬಂತು. ಅದರ ಹಿಂದಿನ ದಿನ ಅಕ್ಕ 'ಕೆ' ಅಕ್ಷರಕ್ಕೆ ಬಂದಿದ್ದಳು. ಪದ 'ಕೀಪ್'. ಅದರ ಬಿಡಿ ಅಕ್ಷರಗಳನ್ನು ಕಡ್ಡಿಯಿಂದ ಅಂಗಳದ ಮಣ್ಣಿನಲ್ಲಿ ನನಗೆ ಬರೆದು ತೋರಿಸಿದಳು.

"ನೋಡು ಮಂಜಿ, ಮಧ್ಯದಾಗೆ ಎರಡು ಇ. ಒಂದರ ಪಕ್ಕ ಒಂದು ಹೆಂಗೆ ಮಲಗವೆ ನೋಡು, ನಾನೂ ನೀನೂ ಚಾಪೆ ಮ್ಯಾಲೆ ಮಲ್ಗಿದಂಗೆ. ಕೆಪ್ಟ್ ಅಂದಾಗ ಒಂದು ಇ ಹೋಗ್ಬಿಡ್ತೈತೆ."

"ಎಲ್ಲಿಗೆ ಹೋಗ್ತೈತೆ?"

"ಎಲ್ಲಿಗೋ ಹೋಗ್ತೈತೆ. ಹೋಗ್ಲೇಬೇಕು, ಅದು ರೂಲ್ಸು."

"ಹಂಗಂದ್ರೇನು, ಕೀಪ್ ಅಂದ್ರೆ?"

"ಇಟ್ಕಳ್ಳದು. ಕಾಯದು. ಕೊಟ್ಟ ಮಾತು ಉಳಿಸ್ಕಳ್ಳದು. ಡಿಕ್ಷನರಿನಾಗೆ ಒಂದು ಪುಟ ತುಂಬ ಐತೆ ಕಣೇ. ಯಾವ್ದು ಬರೀಬೇಕೋ ಗೊತ್ತಾಗ್ತಿಲ್ಲ. ಜಾಗ ಬಿಟ್ಟಿರ್ತೀನಿ, ಮಾಡಿ ನೋಡಿ ಬರೀತೀನಿ."

ಅರ್ಥಕ್ಕೆಂದು ನಾಲ್ಕು ಸಾಲು ಖಾಲಿ ಬಿಟ್ಟು, ಪುಸ್ತಕವನ್ನು ಗೋಡೆಯ ಗೂಡಿನಲ್ಲಿಟ್ಟು ಅವಳು ಡಿಕ್ಷನರಿ ಹಿಂದಿರುಗಿಸಲು ಮೇಷ್ಟರ ಮನೆಗೆ ಹೋದಳು. ಕೊಟ್ಟಿದ್ದ ತಿಂಗಳು ಮುಗಿದಿತ್ತು. ಬೇರೊಬ್ಬ ವಿದ್ಯಾರ್ಥಿ ಅದಕ್ಕಾಗಿ ಕಾಯುತ್ತಿದ್ದ. ಉಳಿದ ಅಕ್ಷರಗಳಿಗೆ ಮತ್ತೆ ಕೊಡುವುದಾಗಿ ಮೇಷ್ಟರು ಹೇಳಿದ್ದರಂತೆ. ಅಷ್ಟರಲ್ಲಿ ಬರೆದುಕೊಂಡಿದ್ದನ್ನು ಗಟ್ಟಿ ಮಾಡಿಕೊಳ್ಳುವುದು ಅವಳ ಯೋಜನೆಯಾಗಿತ್ತು. ಆ ಹೊತ್ತಿನಲ್ಲಿ ನಾನು ಪುಸ್ತಕವನ್ನು ಲಂಗದೊಳಗೆ ಸಿಕ್ಕಿಸಿಕೊಂಡು, ಅಟ್ಟ ಗುಡಿಸಿದ ಮೇಲೂ ಒರಗಿಸಿಯೇ ಇದ್ದ ಏಣಿ ಹತ್ತಿ, ಅಟ್ಟದ ಕತ್ತಲ ಮೂಲೆಯ ದಬ್ಬೆಯ ಮೇಲೆ ಮಲಗಿಸಿ ಬಂದೆ. ಮಾರನೆಯ ಬೆಳಿಗ್ಗೆ ಕೈಯಿಂದ ಕೈಗೆ ಕಾಯಿಗಳು ಏರಿದವು. ಅಕ್ಕನೇ ಸಾಲಿನ ನಡುವೆ ನಿಂತಿದ್ದಳು. ಮೂಲೆ ಮೊದಲು ತುಂಬಬೇಕು, ಬಾಯಿ ಕೊನೆಗೆ. ಹೀಗೆ ತನ್ನ ಪುಸ್ತಕದ ಮೇಲೆ ಬಿದ್ದ ಪ್ರತಿ ಕಾಯಿಯೂ ಅವಳ ಕೈ ದಾಟಿಯೇ ಹೋಯಿತು. ಅಜ್ಜಿ ಕುಂಕುಮ ಹಚ್ಚಿದಳು. ಹಲಗೆ ಮುಚ್ಚಿತು.

ಎರಡು ದಿನ ಅಕ್ಕ ಹುಡುಕಿದಳು. ರಾಗಿ ಗುಡಾಣದ ಹಿಂದೆ, ಹಾಸಿಗೆಯ ಸುರುಳಿಯೊಳಗೆ, ಕೊಟ್ಟಿಗೆಯ ಹುಲ್ಲಿನಲ್ಲಿ. ಇಲಿ ಎಳೆದುಕೊಂಡು ಹೋಗಿರಬೇಕೆಂದು ಅವ್ವ ಹೇಳಿದಳು. ಅಪ್ಪ ಸಮಾಧಾನಪಡಿಸಲು ನೋಡಿದರು.

"ಸರ್ಕಾರಿ ಕಾಗ್ದ ಕಣವ್ವ ಅದು, ಎಲ್ಲಿಗೂ ಹೋಗಲ್ಲ. ನಮ್ಮ ಕಚೇರ್ಯಾಗೆ ಕಳ್ದ ಫೈಲು, ಬೇಕಾದಾಗ ಸಿಗಲ್ಲ. ಬೇಡಾದಾಗ ತಾನೇ ಎದುರಿಗೆ ಬಂದು ಕುಂತ್ಕಂತೈತೆ."

ಮೂರನೆಯ ದಿನ ಅಕ್ಕ ಹುಡುಕುವುದನ್ನು ಬಿಟ್ಟು, ಹಾರೆಯ ಬಳಿ ಕುಳಿತು ನೆನಪಿನಿಂದ ಹೇಳಲು ತೊಡಗಿದಳು. ಒಂದು ಪೆಟ್ಟು, ಎರಡು ಪೆಟ್ಟು, ಮೂರನೆಯದಕ್ಕೆ ಕೈ ಗಾಳಿಯಲ್ಲಿ ನಿಲ್ಲುತ್ತಿತ್ತು. ನನ್ನ ಮುಖ ನೋಡುತ್ತಿದ್ದಳು. ಸರಿ ತಪ್ಪು ನೋಡಲು ನನ್ನ ಕೈಯಲ್ಲೀಗ ಪುಸ್ತಕವಿರಲಿಲ್ಲ. ಆಗ ನನಗೆ ಮೊದಲ ಬಾರಿಗೆ ಭಯವಾಯಿತು. ಅಜ್ಜಿಯ ಬಳಿ ಹೋಗಿ, ಅಟ್ಟದ ಬಾಯಿ ಒಂದೇ ಒಂದು ಸಲ ತೆಗೆಯಬಹುದೇ ಎಂದು ಕೇಳಿದೆ.

"ಹೊಟ್ಟೆ ಕುಯ್ದು ಕೂಸು ಹೆಂಗೈತಂತ ನೋಡ್ತಾರೇನೇ, ಹುಚ್ಚಿ? ಹೋಗತ್ಲಾಗೆ."

ಕಾರಣ ಹೇಳಿದ್ದರೆ ತೆಗೆಯುತ್ತಿದ್ದರೇನೋ. ಒಂದು ಮೂಲೆಯ ಕಾಯಿಗಳನ್ನು ಇಳಿಸಿದ್ದರೆ ವರ್ಷದ ಕೊಬ್ಬರಿಯೆಲ್ಲ ಕೆಡುತ್ತಲೂ ಇರಲಿಲ್ಲ ಎಂಬುದು ಈಗ ನನಗೆ ತಿಳಿದಿದೆ. ಅಂದು ಅಜ್ಜಿಯ ಮಾತು ನನಗೆ ಶಾಸನವಾಗಿತ್ತು. ನಿಜ ಹೇಳಬೇಕೆಂದರೆ, ಅನುಕೂಲವೂ ಆಗಿತ್ತು. ತೆಗೆಯುವಂತೆಯೇ ಇಲ್ಲ ಎಂದ ಮೇಲೆ ಹೇಳಿ ಫಲವೇನು ಎಂದುಕೊಂಡು ಸುಮ್ಮನಾದೆ. ಮುಂದಿನ ಮೂರು ತಿಂಗಳೂ ಆ ಅಟ್ಟದ ಕೆಳಗೆ ಕುಳಿತೇ ನಾವೆಲ್ಲ ಉಂಡೆವು. ನನ್ನ ಎದುರಿನ ತಟ್ಟೆ ಅಕ್ಕನದು. ತುತ್ತೆತ್ತುವಾಗ ಅವಳು ಒಮ್ಮೊಮ್ಮೆ ತುಟಿ ಅಲ್ಲಾಡಿಸುತ್ತಿದ್ದಳು. ನನ್ನ ಕಣ್ಣು ತನ್ನಷ್ಟಕ್ಕೆ ಮೇಲಿನ ದಬ್ಬೆಗೆ ಹೋಗುತ್ತಿತ್ತು. ಬೀಳುತ್ತದೆಯೇನೋ ಎಂಬಂತೆ ನೋಡಬೇಡ, ಉಣ್ಣು ಎಂದು ಅವ್ವ ಗದರಿಸುತ್ತಿದ್ದಳು.

ಅಕ್ಕ ಪರೀಕ್ಷೆ ಬರೆದಳು. ಫಲಿತಾಂಶದ ದಿನ ಅಪ್ಪ ಶಾಲೆಯಿಂದ ನೇರ ಮನೆಗೆ ಬಂದು, ತಲೆಯ ಟೋಪಿಯನ್ನೂ ತೆಗೆಯದೆ ಟ್ರಂಕಿನ ಮೇಲೆ ಕುಳಿತರು. ಅಕ್ಕ ಅವರಿಗೆ ನೀರು ತಂದುಕೊಟ್ಟು, ಲೋಟ ಹಿಂದಕ್ಕೆ ಬರುವವರೆಗೆ ನಿಂತಿದ್ದಳು.

"ಬಿಡಪ್ಪ" ಎಂದಳು. ಅಷ್ಟೇ.

ಪುಸ್ತಕ ಇದ್ದಿದ್ದರೆ ಅವಳು ತೇರ್ಗಡೆಯಾಗುತ್ತಿದ್ದಳೆಂದು ಪ್ರಮಾಣೀಕರಿಸಲು ನನ್ನಲ್ಲಿ ಆಧಾರವಿಲ್ಲ. ಆಗುತ್ತಿರಲಿಲ್ಲವೆಂಬುದಕ್ಕೂ ಇಲ್ಲ. ಈ ಎರಡರ ನಡುವೆಯೇ ನಾನು ಬೆಳೆದು ದೊಡ್ಡವಳಾದೆ.

ವೈಶಾಖದಲ್ಲಿ ಮದುವೆಯಾಯಿತು. ಅದೇ ಟ್ರಂಕಿನಲ್ಲಿ ಸೀರೆಗಳನ್ನು ಜೋಡಿಸಿದರು. ಮುಚ್ಚಳದ ಮೇಲಿನ ಹೆಸರು ಹಾಗೆಯೇ ಇತ್ತು. ಬಸ್ಸಿನ ಮೇಲಕ್ಕೆ ಅದನ್ನು ಏರಿಸಿ ಹಗ್ಗ ಬಿಗಿಯುವಾಗ ನಾನು ಅಕ್ಕನ ಸೆರಗು ಹಿಡಿದು, ಸಂಜೆ ಬಸ್ಸಿಗೆ ಬರುತ್ತೀಯಲ್ಲ ಎಂದು ಕೇಳಿದೆ. ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅತ್ತೆ ನನ್ನ ಕೆನ್ನೆ ಹಿಂಡಿದಳು.

"ಇನ್ನೆಲ್ಲಿ ಸಂಜೆ ಬಸ್ಸೇ, ಹುಚ್ಚಿ? ನಿಮ್ಮಕ್ಕ ಈಗ ನಮ್ಮೋಳು."

ಅಕ್ಕ ನನ್ನ ಬೆರಳುಗಳನ್ನು ಒಂದೊಂದಾಗಿ ಸೆರಗಿನಿಂದ ಬಿಡಿಸಿದಳು. ಆ ರಾತ್ರಿಯಿಂದ ಚಾಪೆಯ ಮೇಲೆ ನಾನೊಬ್ಬಳೇ.

ಜ್ಯೇಷ್ಠದಲ್ಲಿ ಅಟ್ಟದ ಬಾಯಿ ತೆರೆಯಿತು. ಅಪ್ಪ ಮೊದಲ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಗಡಗಡ ಎಂದಿತು. ಅಜ್ಜಿ ಕೈ ಮುಗಿದಳು. ಹಗುರವಾಗಿದ್ದ ನನ್ನನ್ನೇ ಮೂಲೆಯ ಕಾಯಿ ಉರುಳಿಸಲು ಮೇಲಕ್ಕೆ ಹತ್ತಿಸಿದರು. ಪುಸ್ತಕ ಇಟ್ಟಲ್ಲಿಯೇ ಇತ್ತು. ಕಾಗದ ಹೊಗೆ ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಆದರೆ ಒಂದಕ್ಷರವೂ ಅಳಿಸಿರಲಿಲ್ಲ, ಗೋಣಿದಾರವೂ ಸಡಿಲಾಗಿರಲಿಲ್ಲ. ಅದನ್ನು ಮತ್ತೆ ಲಂಗದೊಳಗೆ ಸಿಕ್ಕಿಸಿಕೊಂಡು ಇಳಿದೆ. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಅಪ್ಪನ ಜೊತೆ ಹೊಳಲ್ಕೆರೆಗೆ ಹೋದಾಗ ಚೀಲದ ತಳದಲ್ಲಿಟ್ಟುಕೊಂಡು ಹೋದೆ. ಅಕ್ಕ ಹಿತ್ತಲಿನಲ್ಲಿ ಕಾಯಿ ಸುಲಿಯುತ್ತಿದ್ದಳು. ಬಸುರಿ. ಎಲ್ಲಿ ಸಿಕ್ಕಿತೆಂದು ಹೇಳಲು ಇಡೀ ದಾರಿ ಒಂದು ಸುಳ್ಳನ್ನು ಕಟ್ಟಿಕೊಂಡು ಬಂದಿದ್ದೆ. ಅವಳು ಕೇಳಲೇ ಇಲ್ಲ. ಪುಸ್ತಕವನ್ನು ಕೈಗೆ ತೆಗೆದುಕೊಂಡು, ತೆರೆಯುವ ಮೊದಲು ಮೂಗಿನ ಹತ್ತಿರ ಹಿಡಿದಳು. ನಮ್ಮ ಅಡುಗೆಮನೆಯ ಹೊಗೆಯನ್ನು ಗುರುತಿಸಲು ಅವಳಿಗೆ ಯಾರ ಹೇಳಿಕೆಯೂ ಬೇಕಿರಲಿಲ್ಲ. ಆಮೇಲೆ ನನ್ನ ಮಡಿಲಿಗೆ ಹಾಕಿದಳು.

"ನೀನೇ ಇಟ್ಕ."

"ನಿಂದಲ್ವೇನಕ್ಕ?"

"ಈ ಮನ್ಯಾಗೆ ಅಟ್ಟ ಇಲ್ಲ ಕಣೇ ಮಂಜಿ. ಇಡಾಕೆ ಜಾಗ ಇಲ್ಲ."

ಅಷ್ಟು ಹೇಳಿ ನನ್ನ ಜಡೆ ಬಿಚ್ಚಿ, ಹೊಸದಾಗಿ ಬಾಚಿ, ಬಿಗಿಯಾಗಿ ಹೆಣೆದಳು. ಸಂಜೆಯ ಬಸ್ಸಿಗೆ ನಾನು ಅಪ್ಪನೊಂದಿಗೆ ಹಿಂದಿರುಗಿದೆ.

ಆ ಪುಸ್ತಕವನ್ನು ಓದಿಯೇ ನಾನು ಇಂಗ್ಲಿಷಿನಲ್ಲಿ ತೇರ್ಗಡೆಯಾದೆ. ಅದರ ಹಿಂಬದಿಯನ್ನು ಓದಿದ ಬಲದಿಂದ ಕಚೇರಿಯ ಕೆಲಸವೂ ಸಲೀಸಾಯಿತು. ನನ್ನ ಕರಡನ್ನು ತಿದ್ದುವ ಅಗತ್ಯವಿಲ್ಲವೆಂದು ಮೇಲಧಿಕಾರಿಗಳು ಹೇಳಿದಾಗಲೆಲ್ಲ ನನಗೆ ಹಿತ್ತಲಿನ ಹಾರೆ ಕಣ್ಣ ಮುಂದೆ ಬರುತ್ತಿತ್ತು. ಅಕ್ಕನ ಬಾಳು ಕೆಟ್ಟದ್ದಾಗಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಭಾವ ಮೃದು ಸ್ವಭಾವದವರು. ಮನೆ, ತೋಟ, ಆಳುಕಾಳು ಎಲ್ಲವನ್ನೂ ಅವಳೇ ನಡೆಸಿದಳು. ಬ್ಯಾಂಕಿಗೆ ಹೋದಾಗ ಮಾತ್ರ ಇಂಗ್ಲಿಷಿನ ಚೀಟಿಯನ್ನು ನನ್ನತ್ತ ಸರಿಸುತ್ತಿದ್ದಳು. ನಾನು ತುಂಬುತ್ತಿದ್ದೆ. ಅವಳು ಕನ್ನಡದಲ್ಲಿ ರುಜು ಹಾಕುತ್ತಿದ್ದಳು. ಪ್ರತಿ ಸಲವೂ ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತಿದ್ದೆ. ಹೇಳುವುದು ಮುಂದಕ್ಕೆ ಹೋಗುತ್ತಿತ್ತು. ಕಳೆದ ವರ್ಷ ಮಾಘದಲ್ಲಿ ಅಕ್ಕ ತೀರಿಕೊಂಡಳು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೊಳಲ್ಕೆರೆಗೆ ಹೋಗಿದ್ದೆ. ಹಿತ್ತಲಿನಲ್ಲಿ ಅಕ್ಕನ ಮಗಳು ಸುಮ ಅಡುಗೆಗೆ ಕಾಯಿ ಸುಲಿಯುತ್ತಿದ್ದಳು. ನಲವತ್ತೈದು ದಾಟಿದ, ಇಬ್ಬರು ಮಕ್ಕಳ ತಾಯಿ. ನಾನು ಬಾಗಿಲಲ್ಲಿ ನಿಂತಿದ್ದು ಅವಳಿಗೆ ಗೊತ್ತಿರಲಿಲ್ಲ. ಹಾರೆಗೆ ಕಾಯಿ ಕುಕ್ಕುತ್ತ ಉಸಿರಿನಲ್ಲೇ ಹೇಳಿಕೊಳ್ಳುತ್ತಿದ್ದಳು: ಕೀಪು, ಕೆಪ್ಟು, ಕೆಪ್ಟು. ಸಿಪ್ಪೆ ಬಿಟ್ಟುಕೊಂಡಿತು. ಇನ್ನೊಂದು ಕಾಯಿ ತೆಗೆದುಕೊಂಡಳು. ಕೀಪು, ಕೆಪ್ಟು, ಕೆಪ್ಟು. ನನ್ನನ್ನು ಕಂಡು ನಾಚಿಕೊಂಡು ನಕ್ಕಳು.

"ಅವ್ವನ ಚಾಳಿ ಚಿಕ್ಕಮ್ಮ. ಕಾಯಿ ಸುಲಿಯಾಕೆ ಕುಂತ್ರೆ ಇದೊಂದೇ. ಬೇರೆ ವರ್ಬೇ ಇಲ್ವೇನವ್ವ ಇಂಗ್ಲೀಷ್ನಾಗೆ ಅಂತ ನಾವೆಲ್ಲ ರೇಗಿಸ್ತಿದ್ವಿ."

"ಅದಕ್ಕೆ ಏನಂತಿದ್ಲು?"

"ಇಲ್ಲಿಗಂಟ ಬಂದಿದ್ದೆ ಕಣ್ರೇ, ಮುಂದಿನ್ದು ನಿಮ್ಮ ಚಿಕ್ಕಮ್ಮನ ತಾವ ಐತೆ ಅಂತಿದ್ಲು. ಏನ್ ಚಿಕ್ಕಮ್ಮ ಅದು, ನಿಮ್ಮ ತಾವ ಇರೋದು?"

ಒಳಗಿನಿಂದ ಯಾರೋ ಕೊಬ್ಬರಿ ತುರಿಯಲು ಕರೆದರು. ಬಂದೆನೆಂದು ಹೇಳಿ ಒಳಗೆ ಹೋದೆ. ಅವಳ ಪ್ರಶ್ನೆಗೆ ಅಂದು ಉತ್ತರಿಸಲಿಲ್ಲ.

ಚಿತ್ರದುರ್ಗಕ್ಕೆ ಹಿಂದಿರುಗಿದ ಮೇಲೆ ಬೀರುವಿನಿಂದ ಪುಸ್ತಕ ತೆಗೆದೆ. ಈಗಲೂ ತೆರೆದ ಕೂಡಲೇ ಹೊಗೆಯ ವಾಸನೆ ಬರುತ್ತದೆ. 'ಕೀಪ್' ಪುಟದ ಕೆಳಗೆ ಅಕ್ಕ ಬಿಟ್ಟ ನಾಲ್ಕು ಸಾಲುಗಳು ಬಿಟ್ಟಂತೆಯೇ ಇವೆ. ಅದರ ಮುಂದಿನ ಹಾಳೆಯಲ್ಲಿ ಪದವಿಲ್ಲ. ಅವಳು ಗೆರೆಗಳನ್ನಷ್ಟೇ ಎಳೆದಿದ್ದಾಳೆ. ಆ ಹಾಳೆಯನ್ನು ತಿರುಗಿಸಿದರೆ ಯಾವುದೋ ಕಾಲದಲ್ಲಿ ಯಾರಿಗೋ ಬರೆದ ಪತ್ರದ ಕೊನೆಯ ಸಾಲುಗಳಿವೆ. ಎಂಟನೆಯ ವಯಸ್ಸಿನಲ್ಲಿ ಹಾರೆಯ ಎದುರು ಕುಳಿತು ನಾನು ಅವನ್ನು ಎಷ್ಟೋ ಸಲ ಗಟ್ಟಿಯಾಗಿ ಓದಿದ್ದೆ. ಅಕ್ಕ ಕಾಯಿ ಸುಲಿಯುತ್ತ ಕೇಳಿದ್ದಳು. 'ಈ ಬಗ್ಗೆ ತಮ್ಮ ವಿವರಣೆಯನ್ನು ಮೂರು ದಿನಗಳೊಳಗಾಗಿ ತಪ್ಪದೇ ಸಲ್ಲಿಸುವುದು.'

ಸುಮ, ನೀನು ಕೇಳಿದ್ದಕ್ಕೆ ವಿವರಣೆ ಮೇಲಿನಂತಿದೆ. ಪುಸ್ತಕವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ನಾಲ್ಕು ಸಾಲುಗಳಲ್ಲಿ ನಾನು ಏನನ್ನೂ ಬರೆದಿಲ್ಲ.